ಗಂಡನ ಹೆಸರಿನ ಕಾಲಂ

ರಮ್ಯಾ ಮಾಡುವ ಕೆಲಸದ ಹೆಸರನ್ನು ಅವಳ ಅಜ್ಜಿ ಚಿಕ್ಕಲಕ್ಷ್ಮಮ್ಮ ಒಂದು ಸಲವೂ ಬಾಯಿಬಿಟ್ಟು ಹೇಳಿದವರಲ್ಲ. ಬಾರದೆ ಅಲ್ಲ. ಮೊಮ್ಮಗಳದು ಅಂಕಿಅಂಶದ ಕೆಲಸ. ಅಜ್ಜಿಯ ಗಂಡನ ಹೆಸರು ಅಂಕಯ್ಯ. ಗಂಡನ ಹೆಸರು ಹೇಳಬಾರದು ಎಂದಮೇಲೆ ಆ ಹೆಸರನ್ನು ಹೊಟ್ಟೆಯಲ್ಲಿಟ್ಟುಕೊಂಡ ಮಾತನ್ನಾದರೂ ಹೇಗೆ ಆಡುವುದು? ಹಾಗಾಗಿ ಗುಡೇಮಾರನಹಳ್ಳಿಯಲ್ಲಿ ಯಾರಾದರೂ ಮೊಮ್ಮಗಳ ಕೆಲಸ ಏನೆಂದು ಕೇಳಿದರೆ ಅಜ್ಜಿ, "ಅದೇ, ಅವ್ರ ತಾತನ ಅಂಶದ್ದು ಕಣವ್ವ, ಕಂಪ್ಯೂಟರ್‌ನಾಗೆ" ಎನ್ನುತ್ತಿದ್ದರು. ಕೇಳಿದವರು ತಲೆ ಕೆರೆದುಕೊಂಡು ಹೋಗುತ್ತಿದ್ದರು, ಮನೆಯವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಶಾಲೆಯ ದಿನಗಳಲ್ಲೂ ಅಷ್ಟೇ. ರಮ್ಯಾ ಅಂಕಪಟ್ಟಿ ಹಿಡಿದು ಬಂದರೆ, "ಎಷ್ಟು ಬಂತವ್ವ ಅದು?" ಎಂದೇ ವಿಚಾರಣೆ. ಅಂಕಯ್ಯ ತೀರಿಕೊಂಡು ಮೂರು ವರ್ಷ ಕಳೆದರೂ ಆ ಪದ ಅಜ್ಜಿಯ ನಾಲಿಗೆಗೆ ಬಂದಿರಲಿಲ್ಲ.

ಇದನ್ನೆಲ್ಲ ಹುಟ್ಟಿದಾಗಿನಿಂದ ಕಂಡ ಹುಡುಗಿಯೇ ಅಂಥ ತಪ್ಪು ಮಾಡಿಬಿಟ್ಟಳಲ್ಲ, ಅದನ್ನು ಹೇಳಬೇಕು.

ಅವಳ ಆಫೀಸು ಇದ್ದದ್ದು ರಾಮನಗರದ ಐಜೂರಿನಲ್ಲಿ, ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ. ಜಯಕುಮಾರ್ ಸರ್ ಅಲ್ಲಿನ ಮುಖ್ಯಸ್ಥರು. ಆ ಚಳಿಗಾಲದಲ್ಲಿ ಅವರ ಕೈಗೆ ಬಂದದ್ದು ಅರವತ್ತು ದಾಟಿದ ಹೆಂಗಸರ ಕಣ್ಣಿನ ಸಮೀಕ್ಷೆ. ಐದು ಹೋಬಳಿ, ಹೋಬಳಿಗೆ ನೂರಿಪ್ಪತ್ತು ಮಂದಿ, ಒಟ್ಟು ಆರುನೂರು ಫಾರಂ. ನಾಲ್ಕು ಹೆಜ್ಜೆ ದೂರ ನಿಂತು ಬೆರಳು ತೋರಿಸಿ ಎಷ್ಟೆಂದು ಕೇಳುವುದು, ಉತ್ತರ ಬರೆದುಕೊಳ್ಳುವುದು. ಪೊರೆ ಬಂದ ಕಣ್ಣುಗಳು ಎಲ್ಲಿ ಹೆಚ್ಚಿವೆಯೋ ಆ ಎರಡು ಹೋಬಳಿಗಳಲ್ಲಿ ಒಂದು ಟ್ರಸ್ಟಿನವರು ಉಚಿತವಾಗಿ ಆಪರೇಷನ್ ಮಾಡಿಸುತ್ತಾರೆ. ಎರಡೆಂದರೆ ಎರಡೇ. ಮಿಕ್ಕ ಮೂರು ಹೋಬಳಿಯವರು ಮುಂದೆ ಯಾವಾಗಲೋ. ಹೋಬಳಿಗಳ ಪಟ್ಟಿ ಮಂಗಳವಾರ ಟ್ರಸ್ಟಿಗೆ ಹೋಗಬೇಕಿತ್ತು.

ರಮ್ಯಾ ಬಳಸುತ್ತಿದ್ದ ಸಾಫ್ಟ್‌ವೇರಿಗೆ ಒಂದೇ ಅಕ್ಷರದ ಹೆಸರು, ಆರ್. ಮೂರು ವರ್ಷದಿಂದ ಅವಳ ಸಂಸಾರ ಅದರ ಜೊತೆಗೇ ಎಂದು ಗೆಳತಿಯರು ರೇಗಿಸುವುದುಂಟು. ಸಂಸಾರದಲ್ಲಿ ಜಗಳ ಕಡಿಮೆ, ಏಕೆಂದರೆ ಅದು ಎದುರು ಮಾತಾಡುವುದಿಲ್ಲ; ಹೇಳಿದ್ದನ್ನು ಹೇಳಿದಷ್ಟೇ ಮಾಡಿ ಸುಮ್ಮನಾಗುತ್ತದೆ. ಶುಕ್ರವಾರ ಮಧ್ಯಾಹ್ನ ಅವಳು ಆರುನೂರು ಫಾರಂಗಳ ಮಾಹಿತಿಯನ್ನು ಅದಕ್ಕೆ ಉಣಿಸಿದಳು. ಅರೆಬರೆ ತುಂಬಿದ ಫಾರಂಗಳು ಲೆಕ್ಕ ಕೆಡಿಸಬಾರದೆಂದು, ಯಾವ ಸಾಲಿನಲ್ಲಿ ಖಾಲಿ ಜಾಗ ಇದೆಯೋ ಆ ಸಾಲನ್ನು ಬಿಟ್ಟುಬಿಡು ಎಂದು ಮೊದಲೇ ಒಂದು ಆಜ್ಞೆ ಬರೆದಿದ್ದಳು. ಯಾವ ಕಾಲಮ್ಮಿನಲ್ಲಿ ಖಾಲಿ ಎಂದು ಹೇಳಿರಲಿಲ್ಲ. ಕ್ಷಣದಲ್ಲಿ ಬಣ್ಣದ ನಕ್ಷೆ ಬಂತು. ಮರಳವಾಡಿ ಮೊದಲು, ನೂರಕ್ಕೆ ಮೂವತ್ತೆರಡು. ಎಲ್ಲಕ್ಕಿಂತ ಕೊನೆಗೆ ಉಯ್ಯಂಬಳ್ಳಿ, ನೂರಕ್ಕೆ ಹತ್ತು. ನಕ್ಷೆಯ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೂ ಏನೋ ಬರೆದಿತ್ತು. ಬಣ್ಣ ಚೆನ್ನಾಗಿ ಬಂದ ಸಂತೋಷದಲ್ಲಿ ಅವಳು ಅದನ್ನು ಓದಲಿಲ್ಲ.

ನಕ್ಷೆ ನೋಡಿ ಮೊದಲು ತಕರಾರು ತೆಗೆದವಳು ಅಸ್ರಾ. ಚನ್ನಪಟ್ಟಣದ ಹುಡುಗಿ, ಉಯ್ಯಂಬಳ್ಳಿಯ ನೂರಿಪ್ಪತ್ತು ಮನೆಗಳನ್ನು ಸುತ್ತಿ ಫಾರಂ ತುಂಬಿಕೊಂಡು ಬಂದಿದ್ದವಳು ಅವಳೇ.

"ಅಕ್ಕ, ಇದು ಹೆಂಗಾಗತ್ತೆ? ನಾನು ಕೊಟ್ಟ ಪೆನ್ನು ತಡಕಾಡಿ ಹಿಡ್ಕೊಂಡೋರೇ ಎಷ್ಟೋ ಜನ. ಮುನಿಯಮ್ಮ ಅಂತ ಒಬ್ರು ಅಜ್ಜಿ. ಅವ್ರ ಮನೇಲಿ ರೇಷ್ಮೆ ಹುಳ ಸಾಕ್ತಾರೆ. ಯಾವ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಂದಿದೆ, ಯಾವ್ದು ಇನ್ನೂ ಹಸಿ, ಒಂದೂ ಕಾಣ್ಸಲ್ವಂತೆ. ಎರಡು ವರ್ಷದಿಂದ ಹುಳದ ಮನೆ ಒಳಗೇ ಹೋಗಿಲ್ಲ ಅಂತ ಕಣ್ಣೀರು ಹಾಕಿದ್ರು."

"ಒಬ್ರನ್ನ ನೋಡಿ ಹೋಬಳೀನೇ ಅಳೆಯೋಕಾಗಲ್ಲ ಅಸ್ರಾ."

"ಪೂರ್ತಿ ಕೇಳಿ ಅಕ್ಕ. ಗಂಡನ ಹೆಸರು ಕೇಳಿದೆ. ಹೇಳ್ಲಿಲ್ಲ. ಸೊಸೆ ಬಾಗಿಲಲ್ಲೇ ನಿಂತಿದ್ರು, ಮಾವನ ಹೆಸರು ಅವ್ರೂ ಹೇಳಂಗಿಲ್ಲ. ಆಮೇಲೆ ಮುನಿಯಮ್ಮಜ್ಜಿ ಎದ್ದು, ಗೋಡೆ ಮೇಲಿದ್ದ ಮಗನ ಮದುವೆ ಫೋಟೋ ತಡವಿ, ಒಬ್ರ ಮೇಲೆ ಬೆರಳಿಟ್ಟು 'ಇವ್ರು' ಅಂದ್ರು. ಹಿಂದಿಂದ ಸೊಸೆ 'ಅದು ನಮ್ಮಪ್ಪ' ಅಂತ ಸನ್ನೆ ಮಾಡಿದ್ರು. ನಾನು ಸುಮ್ನಿರಿ ಅಂತ ಕಣ್ಸನ್ನೆ ಮಾಡ್ದೆ. ತೀರಿಹೋದ ಗಂಡನ್ನ ತೋರಿಸ್ತಿದೀನಿ ಅಂದ್ಕೊಂಡು ಅಷ್ಟು ಖುಷಿಯಾಗಿದ್ರು, ಅಲ್ಲ ಅಂತ ಹೆಂಗೆ ಹೇಳೋದು?"

ರಮ್ಯಾ ನಕ್ಷೆಯತ್ತ ತಿರುಗಿ, "ಪಾಪ ಅನ್ಸುತ್ತೆ. ಆದ್ರೆ ಡೇಟಾ ಹೀಗೆ ಹೇಳ್ತಿದೆಯಲ್ಲ" ಎಂದಳು. ಅವಳು ಹೇಳಿದ್ದು ಪುಸ್ತಕದ ಪ್ರಕಾರ ನೂರಕ್ಕೆ ನೂರು ಸರಿ. ಅಸ್ರಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುವಾಗ, "ಡಾಕ್ಟ್ರನ್ನ ಕರ್ಕೊಂಡು ಬರ್ತೀನಿ ಅಂತ ಹೇಳಿ ಬಂದಿದೀನಿ ಅಕ್ಕ" ಎಂದಳು.

ಆ ಮಾತು ರಮ್ಯಾಳ ಬೆನ್ನು ಹತ್ತಿ ಭಾನುವಾರ ಗುಡೇಮಾರನಹಳ್ಳಿಯವರೆಗೂ ಬಂತು. ಅವರೆಕಾಯಿಯ ಕಾಲ. ಅಪ್ಪ ಅಮ್ಮ ಹೊಲಕ್ಕೆ ಹೋಗಿದ್ದರು. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ, ಮೊರ ಮುಂದಿಟ್ಟುಕೊಂಡು ಕಾಯಿ ಸುಲಿಯುತ್ತಿದ್ದರು. ರಮ್ಯಾ ಲ್ಯಾಪ್‌ಟಾಪನ್ನು ಕಂಬಕ್ಕೆ ಒರಗಿಸಿಟ್ಟು ತಾನೂ ಒಂದು ಹಿಡಿ ಕಾಯಿ ಎತ್ತಿಕೊಂಡಳು.

"ಬುಧ್ವಾರ ಒಬ್ಬ ಬಂದಿದ್ದ ಕಣವ್ವ ಇಲ್ಗೂ," ಅಜ್ಜಿ ಶುರು ಮಾಡಿದರು. "ನಿನ್ನಂಗೆ ಬರ್ಕೊಳ್ಳೋನು, ಕೈಯಾಗೆ ಫೋನು. ವಯಸ್ಸು ಕೇಳ್ದ, ಯೋಳ್ದೆ. ಬಿಪಿ ಸುಗರ್ ಕೇಳ್ದ, ಯೋಳ್ದೆ. ಯಜಮಾನ್ರ ಹೆಸ್ರೇನು ಅಂದ. ಒಸಿ ತಡಿಯಪ್ಪ, ಸೊಸೆ ಹೊಲ್ದಿಂದ ಬತ್ತಾಳೆ, ಬಂದ್ಮೇಲೆ ಯಾರ್ನಾರ ಕರೆಸಿ ಯೋಳಿಸ್ತಾಳೆ ಅಂದೆ. ಅದು ಬರೀದಿದ್ರೆ ಫೋನು ಮುಂದಕ್ಕೇ ಹೋಗಾಕಿಲ್ಲಜ್ಜಿ ಅಂತ ಮುಚ್ಕೊಂಡು ಹೊಂಟೇ ಬುಟ್ಟ. ನೋಡು, ಹೆಸ್ರು ಯೋಳ್ನಿಲ್ಲ ಅಂತ ನನ್ನೇ ಲೆಕ್ಕದಿಂದ ತಗ್ದಾಕ್‌ಬುಟ್ಟ!"

ರಮ್ಯಾ ನಕ್ಕಳು. "ಹೇಳ್ಬಿಡೋದಲ್ವಾ ಅಜ್ಜಿ? ಹೇಳಿದ್ರೆ ಆಯಸ್ಸು ಕಡಿಮೆಯಾಗುತ್ತೆ ಅಂತಿದ್ರಿ. ತಾತ ಹೋಗಿ ಮೂರು ವರ್ಷ ಆಯ್ತು. ಇನ್ಯಾವ ಆಯಸ್ಸು?"

ಅಜ್ಜಿಗೆ ಸಿಟ್ಟು ಬರಬಹುದೆಂದು ಅವಳು ಆಮೇಲೆ ಹೆದರಿದಳು. ಅಜ್ಜಿ ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ಕಾಯಿ ಸುಲಿದು, ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಅತ್ತ ಎಸೆದರು.

"ಇದ್ದಾಗ ಬಿಸ್ನೀರು ಕಾಯಿಸ್ಕೊಡ್ತಿದ್ದೆ, ಮುದ್ದೆ ತಿರುವಿ ಇಡ್ತಿದ್ದೆ. ಇವಾಗ ಅವ್ರಿಗೆ ಅಂತ ನಾನು ಮಾಡೋಕೆ ಉಳಿದಿರೋದು ಇದೊಂದೇ ಕಣ್ ಮಗ. ಅದ್ನೂ ಬುಟ್‌ಬುಡ್ಲಾ?"

ರಮ್ಯಾಳ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಅಜ್ಜಿಯ ಮುಖ ನೋಡಿದಳು. ಸುಕ್ಕು ಬಿದ್ದ ಆ ಪುಟ್ಟ ಬಾಯಿ ಅರವತ್ತು ವರ್ಷದಿಂದ ಒಂದು ಹೆಸರನ್ನು ಕಾಯ್ದುಕೊಂಡು ಬಂದಿದೆ, ತಾನೋ ಅದನ್ನು ತಮಾಷೆ ಎಂದುಕೊಂಡೇ ಬೆಳೆದೆ ಎನ್ನಿಸಿ ನಾಚಿಕೆಯಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ಅವಳನ್ನು ಕೂತಲ್ಲಿಂದ ಎಬ್ಬಿಸಿತು. ತನ್ನ ಫಾರಮ್ಮಿನಲ್ಲೂ ಆ ಕಾಲಂ ಇದೆ. ಊರಿಗೆ ಹತ್ತು ಮಂದಿ ಲಕ್ಷ್ಮಮ್ಮ ಇರುತ್ತಾರೆ, ಒಬ್ಬರಿಗೊಬ್ಬರು ಬೆರೆತುಹೋಗಬಾರದೆಂದು ತಾನೇ ಸೇರಿಸಿದ್ದು: ಗಂಡನ ಹೆಸರು.

ಅವರೆಕಾಯಿಯ ಸೊಗಡು ಹತ್ತಿದ ಬೆರಳಲ್ಲೇ ಲ್ಯಾಪ್‌ಟಾಪ್ ತೆರೆದಳು. ನಕ್ಷೆಯ ಬುಡದ ಸಣ್ಣ ಅಕ್ಷರಗಳನ್ನು ಈಗ ಓದಿದಳು. ಮರಳವಾಡಿ, ನೂರಹದಿನೆಂಟು ಮಂದಿ. ಉಯ್ಯಂಬಳ್ಳಿ, ಮೂವತ್ತೊಂದು. ನೂರಿಪ್ಪತ್ತರಲ್ಲಿ ಎಂಬತ್ತೊಂಬತ್ತು ಹೆಂಗಸರು ಇರಲೇ ಇಲ್ಲ. ವಯಸ್ಸು, ಕಣ್ಣು, ಬೆರಳೆಣಿಕೆ, ಎಲ್ಲವನ್ನೂ ಅಸ್ರಾ ಅಚ್ಚುಕಟ್ಟಾಗಿ ತುಂಬಿದ್ದಳು. ಒಂದೇ ಒಂದು ಕಾಲಂ ಖಾಲಿ. ಬಿಟ್ಟುಬಿಡು ಎಂದು ರಮ್ಯಾ ಹೇಳಿದ್ದಳು, ಆರ್ ಬಿಟ್ಟುಬಿಟ್ಟಿತ್ತು. ಮಕ್ಕಳು, ಮೊಮ್ಮಕ್ಕಳು, ನೆರೆಯವರು ಹೆಸರು ಹೇಳಿದ ಮೂವತ್ತೊಂದು ಮನೆ ಮಾತ್ರ ಉಳಿದಿದ್ದವು, ಆ ಮನೆಗಳ ಹೆಂಗಸರಲ್ಲಿ ಹೆಚ್ಚಿನವರು ಈಗಷ್ಟೇ ಅರವತ್ತು ದಾಟಿದವರು, ಕಣ್ಣು ಇನ್ನೂ ಚೆನ್ನಾಗಿದ್ದವರು.

ಆ ಕಾಲಮ್ಮನ್ನು ಪಕ್ಕಕ್ಕಿಟ್ಟು, ಕಣ್ಣಿಗೆ ಸಂಬಂಧಪಟ್ಟ ಕಾಲಂಗಳಲ್ಲಿ ಮಾತ್ರ ಖಾಲಿ ಹುಡುಕು ಎಂದು ಹೊಸದಾಗಿ ಬರೆದಳು. ಎಂಬತ್ತೊಂಬತ್ತು ಜನವೂ ವಾಪಸು ಬಂದರು. ಅವರಲ್ಲಿ ನಲವತ್ತನಾಲ್ಕು ಮಂದಿಗೆ ಬೆರಳು ಕಂಡಿರಲಿಲ್ಲ. ಉಯ್ಯಂಬಳ್ಳಿ ಕೊನೆಯಿಂದ ಎದ್ದು ಮೊದಲಿಗೆ ಬಂತು, ನೂರಕ್ಕೆ ಮೂವತ್ತೊಂಬತ್ತು.

"ಯಾಕವ್ವ, ಕಣ್ಣಾಗೆ ನೀರು? ಸಿಪ್ಪೆ ಚುಚ್ತಾ?" ಎಂದರು ಅಜ್ಜಿ.

"ಇಲ್ಲಜ್ಜಿ. ಆ ಬುಧವಾರದೋನು ಮಾಡಿದ್ನಲ್ಲ, ಅದನ್ನೇ ನಾನೂ ಮಾಡಿದ್ದೆ."

"ನೀನಾ?" ಅಜ್ಜಿ ಮೊಮ್ಮಗಳನ್ನೊಮ್ಮೆ, ಲ್ಯಾಪ್‌ಟಾಪನ್ನೊಮ್ಮೆ ನೋಡಿದರು. "ತಾತನ ಅಂಶ ಓದ್ಕೊಂಡೋಳು ನೀನು. ಸರಿ ಮಾಡು ಮತ್ತೆ."

ಸೋಮವಾರ ಬೆಳಿಗ್ಗೆ ರಮ್ಯಾ ಜಯಕುಮಾರ್ ಸರ್ ಮುಂದೆ ನಿಂತು, ತಪ್ಪು ನನ್ನದು ಸರ್ ಎಂದು ಇದ್ದದ್ದು ಇದ್ದಹಾಗೆ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ತಾಯೀನೂ ಹೇಳ್ತಿರ್ಲಿಲ್ಲ. ಫಾರಂ ನೋಡಿ ಸಹಿ ಹಾಕಿದೋನು ನಾನು, ನನಗೂ ಹೊಳೀಲಿಲ್ವಲ್ಲಮ್ಮ" ಎಂದರು. ಆಮೇಲೆ ಹಳೆಯ ಪಟ್ಟಿಯನ್ನು ಹರಿದು ಬುಟ್ಟಿಗೆ ಹಾಕಿದರು.

ಅಸ್ರಾಳಿಗೆ ಹೇಳುವುದು ಕಷ್ಟವಾಯಿತು. ಬೇರೆ ಹೋಬಳಿಗೆ ಹೋದವರು ರೇಷನ್ ಕಾರ್ಡ್ ಈಸಿಕೊಂಡು ಹೆಸರು ನಕಲು ಮಾಡಿದ್ದರು. ಅವಳು ಕೇಳಿರಲಿಲ್ಲ.

"ಹೇಳೋಕೆ ಇಷ್ಟ ಇಲ್ಲ ಅಂದ್ಮೇಲೆ ಕಾರ್ಡ್ ತನ್ನಿ ಅನ್ನೋದು ಚೆನ್ನಾಗಿರಲ್ಲ ಅನ್ನಿಸ್ತು ಅಕ್ಕ. ನಮ್ಮ ನಾನಿ, ಅಮ್ಮನ ಅಮ್ಮ, ಅವ್ರೂ ಹೇಳಲ್ಲ." ಅವಳ ಮುಖ ಬಾಡಿತು. "ಹಂಗಾದ್ರೆ ನನ್ನಿಂದ್ಲೇ ಅವ್ರೆಲ್ಲ ಬಿಟ್ಟುಹೋಗಿದ್ದಾ?"

"ನೀನು ಅವ್ರ ಮಾತಿಗೆ ಮರ್ಯಾದೆ ಕೊಟ್ಟೆ. ಆ ಖಾಲಿ ಜಾಗಾನ ತಪ್ಪು ಅಂದ್ಕೊಂಡಿದ್ದು ನಾನು," ಎಂದು ರಮ್ಯಾ ಅವಳ ಕೈ ಹಿಡಿದುಕೊಂಡಳು. "ನಡಿ, ನೀನು ಕೊಟ್ಟ ಮಾತು ಉಳೀತು. ಮೊದಲ ಶಿಬಿರ ಉಯ್ಯಂಬಳ್ಳೀಲೇ."

ಸಂಕ್ರಾಂತಿ ಕಳೆದು ಶಿಬಿರ ನಡೆಯಿತು. ಅದಾಗಿ ತಿಂಗಳಿಗೆ, ಆಪರೇಷನ್ ಆದವರಿಗೆ ಹೇಗಿದೆ ಎಂದು ವಿಚಾರಿಸುವ ಹೊಸ ಫಾರಂ ಹಿಡಿದು ರಮ್ಯಾ ತಾನೂ ಬರುತ್ತೇನೆಂದು ಅಸ್ರಾಳ ಜೊತೆ ಹೊರಟಳು. ಕನಕಪುರ ದಾಟಿ ಉಯ್ಯಂಬಳ್ಳಿಯ ಕಡೆಯ ಬಸ್ಸು ಹಿಡಿದಾಗಿನಿಂದ ಅವಳಿಗೆ ಒಂದೇ ಯೋಚನೆ, ಮುನಿಯಮ್ಮಜ್ಜಿಗೆ ಏನೆಂದು ಹೇಳಲಿ?

ಮುನಿಯಮ್ಮನ ಮನೆಯಲ್ಲಿ ಅಂದು ಹುಳ ಹಣ್ಣಾದ ದಿನ. ಕೈಬಿಡುವಿಲ್ಲ. ಬಲಿತು ಹಳದಿಗೆ ತಿರುಗಿದ ಹುಳಗಳನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದರು. ಸೊಸೆ ಒಂದು ತಟ್ಟೆಯ ಮುಂದೆ, ಮುನಿಯಮ್ಮ ಇನ್ನೊಂದರ ಮುಂದೆ. ಅಸ್ರಾಳ ದನಿ ಕೇಳಿ ಅವರು ತಲೆ ಎತ್ತಿ, ಹೊಸ್ತಿಲವರೆಗೂ ಬಂದು, ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.

"ನೀನು ಇಷ್ಟು ಚಿಕ್ಕೋಳಾ! ದನಿ ಕೇಳಿ ದೊಡ್ ಹೆಂಗ್ಸು ಅಂದ್ಕೊಂಡಿದ್ದೆ. ಇವ್ಳ್ಯಾರು?"

"ಕಂಪ್ಯೂಟರಲ್ಲಿ ಲೆಕ್ಕ ನೋಡೋರು ಅಜ್ಜಿ."

ರಮ್ಯಾ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಮೊದ್ಲು ನಿಮ್ಮನ್ನ ಲೆಕ್ಕದಿಂದ ಬಿಟ್ಟಿದ್ದು ನಾನೇ ಅಜ್ಜಿ. ಯಜಮಾನ್ರ ಹೆಸರು ಬರೆದಿರಲಿಲ್ಲ ಅಂತ."

"ಅಂಗಾ?" ಮುನಿಯಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೋಡುವುದೇ ಒಂದು ಹೊಸ ಸುಖ ಎನ್ನುವಂತೆ ನಿಧಾನವಾಗಿ ನೋಡಿದರು. "ಬುಟ್ಟಿದ್ದೆ, ಆಮ್ಯಾಕೆ ಸೇರಿಸ್ಕಂಡೆ. ಬುಡು ಅತ್ಲಾಗೆ. ಕುಂತ್ಕಳಿ, ಕಾಪಿ ಕಾಯಿಸ್ತೀನಿ."

ಕಾಫಿಯಾಯಿತು. ಅಸ್ರಾ ಹೊಸ ಫಾರಂ ತೆಗೆದು ಒಂದೊಂದೇ ಕೇಳಿದಳು, ರಮ್ಯಾ ಬರೆದುಕೊಂಡಳು. ನೋವಿದೆಯೇ, ಇಲ್ಲ. ನೀರು ಸೋರುತ್ತದೆಯೇ, ಇಲ್ಲ. ಹುಳ ಕಾಣುತ್ತದೆಯೇ ಎಂಬ ಪ್ರಶ್ನೆ ಫಾರಮ್ಮಿನಲ್ಲಿ ಇರಲಿಲ್ಲ, ಆದರೂ ಮುನಿಯಮ್ಮ ಅದಕ್ಕೆ ಉತ್ತರ ಕೊಟ್ಟರು. ಈ ಫಾರಂ ಮಾಡಿದವರು ಟ್ರಸ್ಟಿನವರು, ಅದರ ಕೊನೆಯಲ್ಲಿ ಮತ್ತದೇ ಕಾಲಂ: ಗಂಡನ ಹೆಸರು. ಅಸ್ರಾ ಅದನ್ನು ಕೇಳದೆ ಪುಟ ಮಡಿಸಲು ಹೋದಳು.

"ತಡಿ ತಡಿ," ಮುನಿಯಮ್ಮ ಎದ್ದರು. ಗೋಡೆಯ ಮೇಲಿನ ಮದುವೆ ಫೋಟೋವನ್ನು ಮೊಳೆಯಿಂದ ಬಿಡಿಸಿ ತಂದು, ಸೆರಗಿನಿಂದ ಗಾಜು ಒರೆಸಿ ತೊಡೆಯ ಮೇಲಿಟ್ಟುಕೊಂಡರು. ಏನೋ ನೆನಪಾಗಿ ಹೊಟ್ಟೆ ಕುಣಿಯುವಂತೆ ನಕ್ಕರು.

"ಹೋದ್ ಸಲ ಬೀಗರನ್ನ ತೋರಿಸ್‌ಬುಟ್ಟಿದ್ನಂತೆ! ಸೊಸೆ ಯೋಳಿದ್ಲು. ನೀನೂ ತೆಪ್ಪಗೆ ಕುಂತಿದ್ಯಲ್ಲೇ, ಕಳ್ಳಿ!"

ಅಸ್ರಾ ನಗುತ್ತ ಮುಖ ಮುಚ್ಚಿಕೊಂಡಳು. ಮುನಿಯಮ್ಮನ ಬೆರಳು ಗಾಜಿನ ಮೇಲೆ ಮೆಲ್ಲಗೆ ಹೊರಟಿತು. ಬೀಗರನ್ನು ದಾಟಿತು, ಮದುಮಗಳನ್ನು ದಾಟಿತು, ಮಗನನ್ನು ದಾಟಿ, ತುದಿಯಲ್ಲಿ ಹೊಸ ಪಂಚೆಯುಟ್ಟು ಬಿಗಿಯಾಗಿ ನಿಂತ ಒಬ್ಬ ಬಡಕಲು ಗಂಡಸಿನ ಮೇಲೆ ನಿಂತಿತು.

"ಇಗಾ, ಇವ್ರು," ಎಂದರು. ನಗು ಯಾವಾಗಲೋ ನಿಂತಿತ್ತು. ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. "ಏಸು ದಿನ ಆಗೋಗಿತ್ತವ್ವ ಇವ್ರ ಮಕ ನೋಡಿ."

ರಮ್ಯಾ ಪುಟವನ್ನು ಮತ್ತೆ ಬಿಡಿಸಿ, ಗಂಡನ ಹೆಸರಿನ ಕಾಲಮ್ಮಿನಲ್ಲಿ 'ತೋರಿಸಿದರು' ಎಂದು ಬರೆದಳು.