ಬರೆದವಳ ಕೈ

ಖಾಲಿ ಡಿಸ್ಕೊಂದನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ಊರವರು ಡಿಸ್ಕಮ್ಮ ಎನ್ನುವ ಅಂಗಡಿಯವಳು ಒಂದು ಕಣ್ಣು ಮುಚ್ಚಿದ್ದಳು. ಬೆಳಕು ಧಾರಾಳವಾಗಿ ತೂರಿ ಬಂದರೆ ಲೇಪ ತೆಳು, ಅಂಥದ್ದು ಕಸದ ಬುಟ್ಟಿಗೆ. ಮಬ್ಬಾಗಿ ಕಂಡರೆ ಕೆಲಸಕ್ಕೆ ಬಂತು. ಡಿಸ್ಕಿನ ನಡುವಿನ ತೂತಿನಿಂದಲೇ ಅವಳಿಗೆ ಬಾಗಿಲಲ್ಲಿ ನಿಂತಿದ್ದ ಹಳೆಯ ಯಜಮಾನ ಕಂಡ.

"ಗುರುತು ಸಿಕ್ತೇನಮ್ಮಾ?"

ಸಿಗದೇ ಏನು! ಹನ್ನೆರಡು ವರ್ಷ ಹಲ್ಲು ಕಚ್ಚಿಕೊಂಡು ನೆನೆದ ಮುಖ. ಕೂದಲು ಉದುರಿತ್ತು, ಕೈಗೆ ಕೋಲು ಬಂದಿತ್ತು. ಇನ್ನೊಂದು ಕೈಯಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕ್ಯಾಮೆರಾ ಕ್ಯಾಸೆಟ್ ಇತ್ತು.

"ಬನ್ನಿ ಸಾರ್, ಕೂತ್ಕೊಳ್ಳಿ" ಎಂದಳು. ಅಷ್ಟು ಮರ್ಯಾದೆ ತನ್ನ ಬಾಯಿಂದ ಹೇಗೆ ಬಂತೆಂದು ಅವಳಿಗೇ ಆಶ್ಚರ್ಯ.

ಒಂದು ಕಾಲಕ್ಕೆ ಅವಳು ಇವನ ವಿಡಿಯೋ ಸ್ಟುಡಿಯೋದಲ್ಲಿ ಕ್ಯಾಸೆಟ್ಟಿನ ಮದುವೆಗಳನ್ನು ಡಿಸ್ಕಿಗೆ ಬರೆಯುತ್ತಿದ್ದಳು. ಅಕ್ಕನ ಮದುವೆಯನ್ನೂ ಅವಳೇ ಬರೆದಿದ್ದಳು. ಮದುವೆಯಾಗಿ ವರ್ಷದೊಳಗೆ ಅಪ್ಪ ತೀರಿಕೊಂಡರು. ಅಪ್ಪನನ್ನು ಒಮ್ಮೆ ನೋಡೋಣವೆಂದು ಡಿಸ್ಕ್ ಹಾಕಿದರೆ ಟೀವಿಯಲ್ಲಿ ಬರೀ ಕಪ್ಪು. ಮೂಲ ಕ್ಯಾಸೆಟ್ಟಾದರೂ ಇದೆಯೇ ಎಂದರೆ, ಮೂರು ತಿಂಗಳಾದ ಕ್ಯಾಸೆಟ್ಟಿನ ಮೇಲೆ ಬೇರೆ ಮದುವೆ ತೆಗೆಯುವುದು ಆ ಸ್ಟುಡಿಯೋದ ರೂಢಿ. ಮನೆಯವರೆಲ್ಲ ಹೋಗಿ ಕೇಳಿದಾಗ ಯಜಮಾನ ಕುರ್ಚಿಯಿಂದ ಏಳದೆ ಹೇಳಿದ್ದ: "ನನ್ನ ಡಿಸ್ಕ್ ಒಳ್ಳೇದೇ. ಬರೆದವಳ ಕೈ ಸರಿಯಿಲ್ಲ. ಬೇಗ ಮನೆಗೆ ಹೋಗೋ ಆತುರಕ್ಕೆ ಜೋರು ವೇಗಕ್ಕಿಟ್ಟು ಹಾಳು ಮಾಡಿದಾಳೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಳಪೆ ಡಿಸ್ಕ್ ತಂದವನು ಅವನು, ಜೋರು ವೇಗಕ್ಕಿಡು ಎಂದು ತಲೆಯ ಮೇಲೆ ನಿಂತವನು ಅವನು. ಆದರೆ ಅಕ್ಕ ನಂಬಿದ್ದು ಅವನ ಮಾತನ್ನು. "ಅಪ್ಪನ್ನ ಎರಡನೇ ಸಲ ಸಾಯಿಸಿದೆ ನೀನು" ಎಂದವಳು ಅಂದಿನಿಂದ ತಂಗಿಯ ಜೊತೆ ಮಾತಾಡಿಲ್ಲ. ಎರಡು ಬೀದಿ ಆಚೆಗೇ ಮನೆ.

ಸ್ಟುಡಿಯೋ ಬಿಡುವಾಗ ಅವಳು ಆ ಕಳಪೆ ಡಿಸ್ಕುಗಳ ಒಂದು ಡಬ್ಬಿಯನ್ನು ಎತ್ತಿಕೊಂಡು ಬಂದಿದ್ದಳು. ವರ್ಷಕ್ಕೊಂದರಂತೆ ಬರೆದು ನೋಡುತ್ತಿದ್ದಳು. ಬರೆದ ದಿನ ಗಿಣಿಯ ಹಾಗೆ ಒಪ್ಪಿಸುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ಒಂದೂ ಬಾಯಿ ಬಿಡುತ್ತಿರಲಿಲ್ಲ. ಈ ಸಾಕ್ಷಿಯನ್ನು ಯಾರಿಗೆ ತೋರಿಸುವುದು? ಕೇಳಬೇಕಾದವಳೇ ಬಾಗಿಲು ಹಾಕಿಕೊಂಡಿದ್ದಳು.

"ನಮ್ಮನೆಯೋಳು ಹೋಗಿಬಿಟ್ಳಮ್ಮಾ, ಎಂಟು ತಿಂಗಳಾಯ್ತು" ಎಂದ ಯಜಮಾನ. "ಹೊಸ ಕ್ಯಾಮೆರಾ ಬಂದಾಗ ಸುಮ್ನೆ ಇವಳನ್ನ ಕೂರಿಸಿ ತೆಗೆದಿದ್ದೆ. ಅವಳ ದನಿ ಇರೋದು ಇದೊಂದರಲ್ಲೇ. ಇದನ್ನ ಓಡಿಸೋ ಯಂತ್ರ ನಿನ್ನತ್ರ ಮಾತ್ರ ಇದೆಯಂತಲ್ಲ. ಫೋನು ಗೀನು ನಂಗೆ ಬರಲ್ಲ, ಟೀವಿಗೆ ಹಾಕೋ ಹಾಗೆ ಡಿಸ್ಕಲ್ಲೇ ಕೊಡು."

ಅಮ್ಮಾವ್ರು ಹೋದರೆಂದು ಕೇಳಿ ಅವಳಿಗೆ ಒಂದು ಗಳಿಗೆ ಬೇಸರವಾಯಿತು. ಮಧ್ಯಾಹ್ನ ಊಟಕ್ಕೆ ಕರೆಯುತ್ತಿದ್ದ ಹೆಂಗಸು. ಮರುಗಳಿಗೆಯೇ ಅವಳು ಕಪಾಟಿನಿಂದ ಹಳೆಯ ಡಬ್ಬಿಯನ್ನು ತಂದು ಮೇಜಿನ ಮೇಲಿದ್ದ ಒಳ್ಳೆಯ ಡಬ್ಬಿಯ ಪಕ್ಕದಲ್ಲಿಟ್ಟಳು.

"ಯಾವುದರಲ್ಲಿ ಹಾಕ್ಲಿ ಸಾರ್?"

ಯಜಮಾನ ಎರಡನ್ನೂ ತಿರುಗಿಸಿ ನೋಡಿದ. ತಾನೇ ತಂದ ಮಾಲು ತನಗೇ ಗುರುತು ಸಿಗಲಿಲ್ಲ. "ಇದರಲ್ಲಿ ಹಾಕು, ಫಳಫಳ ಅಂತಿದೆ" ಎಂದು ಹಳೆಯ ಡಬ್ಬಿಯ ಮೇಲೆ ಬೆರಳಿಟ್ಟ. ಅವಳು ಒಳಗೊಳಗೇ ನಕ್ಕಳು.

ಕ್ಯಾಸೆಟ್ಟಿನ ಅಂಚಿಗೆ ಬೂಷ್ಟು ಹಿಡಿದಿತ್ತು. "ಒಂದು ಸಲ ಓಡಬಹುದು, ಅಷ್ಟೇ. ಆಮೇಲೆ ನನ್ನ ಕೇಳಬೇಡಿ" ಎಂದು ಹೇಳಿಯೇ, ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ಓಡಿಸಿದಳು. ಪರದೆಯ ಮೇಲೆ ಅಮ್ಮಾವ್ರು ಸೆರಗು ಸರಿಮಾಡಿಕೊಂಡು, "ನನ್ನೇನು ತೆಗೀತೀರಿ, ಆ ಗೋಡೆ ತೆಗೀರಿ, ಅದೇ ಚೆನ್ನಾಗಿದೆ" ಎಂದು ನಕ್ಕರು. ಯಜಮಾನನ ಕಣ್ಣು ತುಂಬಿತು. ಹತ್ತು ನಿಮಿಷ ಹರಟೆ. ಆಮೇಲೆ ಅಮ್ಮಾವ್ರ ಕಣ್ಣು ಪಕ್ಕದ ಮೇಜಿನತ್ತ ಹೋಯಿತು.

"ಮತ್ತೆ ಅದೇ ಡಿಸ್ಕ್ ತಂದ್ರಾ? ಆ ಹುಡುಗಿ ಬೇಡ ಬೇಡ ಅಂತ ಬಡ್ಕೊಳ್ತಾಳೆ, ನಿಮ್ಮ ಕಿವಿಗೇ ಹೋಗಲ್ಲ. ನಿಧಾನಕ್ಕೆ ಬರೀತೀನಿ ಅಂದ್ರೂ ಬಿಡಲ್ಲ. ನಾಳೆ ಯಾರದೋ ಮದುವೆ ಅಳಿಸಿಹೋದ್ರೆ ಅವಳ ತಲೆಗೇ ಕಟ್ತೀರ, ನಂಗೊತ್ತು."

ಕ್ಯಾಮೆರಾದ ಹಿಂದಿನಿಂದ ಯಜಮಾನನ ಅಂದಿನ ದನಿ ನಗುತ್ತ ಹೇಳಿತು: "ಮದುವೆ ಡಿಸ್ಕ್ ಯಾರು ಎರಡನೇ ಸಲ ನೋಡ್ತಾರೆ, ಬಿಡೆ."

ಕ್ಯಾಸೆಟ್ ಕೊನೆ ಮುಟ್ಟಿತು. ಹಿಂದಕ್ಕೆ ಸುತ್ತಲು ಹೋದರೆ ಒಳಗೆ ಟೇಪು ಪಟ್ಟನೆ ಕಡಿದುಹೋಯಿತು. ಇನ್ನು ಇರುವುದೆಲ್ಲ ಅವಳ ಕಂಪ್ಯೂಟರಿನಲ್ಲಿ.

"ಆ ಭಾಗ ತೆಗೆದುಬಿಡಮ್ಮಾ" ಎಂದ ಯಜಮಾನ, ನೆಲ ನೋಡುತ್ತ.

"ತೆಗೀತೀನಿ. ತೆಗೆದು ಬೇರೆ ಡಿಸ್ಕಿಗೆ ಹಾಕ್ತೀನಿ. ನೀವು ಅದನ್ನ ತಗೊಂಡುಹೋಗಿ ನಮ್ಮಕ್ಕನ ಮನೇಲಿ ನೀವೇ ಹಾಕಿ ತೋರಿಸಬೇಕು. ಅಕ್ಕ ನಂಗೆ ಫೋನ್ ಮಾಡಿದ ಮೇಲೆ ನಿಮ್ಮದು ನಿಮಗೆ."

"ಈ ವಯಸ್ಸಲ್ಲಿ ನನ್ನ ಮರ್ಯಾದೆ ತೆಗೀತೀಯಾ?"

"ನನ್ನದು ತೆಗೆದಾಗ ನಂಗೆ ಇಪ್ಪತ್ತೆರಡು ಸಾರ್."

ಅವಳು ಒಳ್ಳೆಯ ಡಬ್ಬಿಯಿಂದ ಬೆಳಕಿಗೆ ಹಿಡಿದು ಆರಿಸಿದ ಡಿಸ್ಕನ್ನು ತೆಗೆದು, ಅತಿ ನಿಧಾನ ವೇಗಕ್ಕಿಟ್ಟು, ಆ ನಲವತ್ತು ಸೆಕೆಂಡುಗಳನ್ನು ಬರೆದಳು. ಬರೆದದ್ದನ್ನು ಒಂದಕ್ಕೆರಡು ಸಲ ತಾಳೆ ನೋಡಿದಳು. ಯಜಮಾನ ಅದನ್ನು ಹಿಡಿದು ಕೋಲೂರಿಕೊಂಡು ಅಕ್ಕನ ಮನೆಗೆ ಹೊರಟ.

ಒಬ್ಬಳೇ ಕೂತಾಗ ಅವಳ ಹೊಟ್ಟೆ ತಣ್ಣಗಾದಂತಿತ್ತು. ಪಾಪ, ಮುದುಕ. ಅವನದನ್ನೂ ಒಳ್ಳೆಯದರಲ್ಲೇ ಬರೆದುಕೊಟ್ಟರಾಯಿತು ಎಂದುಕೊಂಡು ಒಳ್ಳೆಯ ಡಿಸ್ಕೊಂದನ್ನು ಡಿಸ್ಕ್ ಬರೆಯುವ ರೈಟರಿನೊಳಕ್ಕೆ ಇಟ್ಟೂ ಇಟ್ಟಳು. ಆಗ ಫೋನ್ ಬಂತು.

"ನೋಡಿದೆ ಕಣೆ" ಎಂದಳು ಅಕ್ಕ. ಹನ್ನೆರಡು ವರ್ಷದ ಮೇಲೆ ಕೇಳಿದ ದನಿ. "ತಪ್ಪಾಯ್ತು. ನಾಳೆ ಬಾ, ಇಲ್ಲೇ ಊಟ ಮಾಡು."

"ಬರ್ತೀನಿ ಅಕ್ಕಾ."

"ಆ ಹೆಂಗಸಿನ ದನಿ ಎಷ್ಟು ಚೆನ್ನಾಗಿ ಕೇಳುತ್ತಲ್ಲೇ... ನಂಗೆ ಅಪ್ಪನ ದನಿ ಹೇಗಿತ್ತೂಂತಲೇ ಮರೆತುಹೋಗಿದೆ. ನಿಂಗೆ ನೆನಪಿದೆಯೇನೆ?"

ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ಅಪ್ಪನ ಕೆಮ್ಮು ನೆನಪಿತ್ತು, ಚಪ್ಪಲಿಯ ಸದ್ದು ನೆನಪಿತ್ತು. ದನಿ ಬರಲಿಲ್ಲ. "ಇಲ್ಲ ಅಕ್ಕಾ" ಎಂದು ಫೋನಿಟ್ಟಳು.

ಆಮೇಲೆ ರೈಟರಿನ ಬಾಗಿಲು ತೆರೆದು ಒಳ್ಳೆಯ ಡಿಸ್ಕನ್ನು ಹೊರತೆಗೆದಳು. ಹಳೆಯ ಡಬ್ಬಿಯ ಮೇಲಿನ ಫಳಫಳ ಡಿಸ್ಕನ್ನು ಇಟ್ಟು, ಯಜಮಾನನಿಗೆ ಇಷ್ಟವಾದ ಜೋರು ವೇಗಕ್ಕೇ ಬಿಟ್ಟಳು. ಐದೇ ನಿಮಿಷ. ತಾಳೆ ನೋಡಿದಳು, ಒಂದು ತಪ್ಪೂ ಇಲ್ಲ. ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿ, ಅಳಿಸಿದ್ದನ್ನೂ ಅಳಿಸಿದಳು.

ಯಜಮಾನ ಬೆವರು ಒರೆಸಿಕೊಳ್ಳುತ್ತ ವಾಪಸು ಬಂದ. ಅವಳು ಡಿಸ್ಕ್ ಹಾಕಿ ತೋರಿಸಿದಳು. ಅಮ್ಮಾವ್ರು ಸೆರಗು ಸರಿಮಾಡಿಕೊಂಡರು, ಗೋಡೆ ತೆಗೆಯಿರೆಂದು ನಕ್ಕರು. ಯಜಮಾನ ಅತ್ತ, ಕೈ ಮುಗಿದ.

"ದಿನಾ ನೋಡ್ತೀನಮ್ಮಾ. ಎಷ್ಟು ವರ್ಷ ಇರುತ್ತೆ ಇದು?"

"ಬರೆದವಳ ಕೈ ಸರಿಯಿದೆ ಸಾರ್" ಎಂದಳು. "ಅಮ್ಮಾವ್ರ ದನಿ ಮತ್ತೆ ಬೇಕು ಅನ್ನಿಸಿದ್ರೆ ಅಕ್ಕನ ಮನೇಲಿ ನಲವತ್ತು ಸೆಕೆಂಡ್ ಇದೆ. ಹೋಗಿ ಕೇಳಿ, ಹಾಕ್ತಾಳೆ."

ಅವನಿಗೆ ಅರ್ಥವಾಗಲಿಲ್ಲ, ತಲೆಯಾಡಿಸಿದ. ಅವಳು ಹಳೆಯ ಡಬ್ಬಿಯ ಮುಚ್ಚಳ ಹಾಕುತ್ತ ಕಿಟಕಿಯಿಂದ ನೋಡಿದಳು. ಹೊರಗೆ ಬಿಸಿಲು ಜೋರಾಗಿತ್ತು. ಯಜಮಾನ ಡಿಸ್ಕನ್ನು ಬಿಸಿಲಿಗೆ ಬೀಳದ ಹಾಗೆ ಅಂಗಿಯೊಳಗೆ ಸೇರಿಸಿ, ಎದೆಯ ಮೇಲೆ ಒಂದು ಕೈ ಒತ್ತಿ ಹಿಡಿದು, ನಿಧಾನವಾಗಿ ರಸ್ತೆ ದಾಟುತ್ತಿದ್ದ.