ಶಿಕಾರಿ ಬಂಗಲೆಯ ಆಟ

"ಏ ಸೂಳೇಮಗನ, ಗುಂಡು ಬಡದಾಂವ ಹಿಂಗ ಮೆಲ್ಲಕ ಕುಂತು ಮಲಗ್ತಾನೇನು? ದೊಪ್ಪಂತ ಬೀಳು!"

ಮ್ಯಾನೇಜರ್ ಬಾಲರಾಜ ಬೆತ್ತದಿಂದ ಹಣಮಂತ್ರಾಯನ ಮೊಣಕಾಲ ಹಿಂದೆ ಬಾರಿಸಿದ. ಹಣಮಂತ್ರಾಯ ಬಿದ್ದ. ಗರಸು ಮಣ್ಣಿಗೆ ಮೊಣಕೈ ತರಚಿಹೋಯಿತು. ಬಡಿಯಲು ಚರ್ಮದ ಹಲಗೆ ಹಿಡಿದು ನಿಂತಿದ್ದ ನಾವೆಲ್ಲ ನೆಲ ನೋಡಿದೆವು. ನಮ್ಮ ಶೌರ್ಯ ಅಷ್ಟೇ.

ಸುರಪುರದ ಕಡೆಯ ಈ ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದವನು ಬ್ರಿಟಿಷರ ಕಾಲದ ಒಬ್ಬ ಲಾಟಸಾಹೇಬ, ಶಿಕಾರಿಗೆ ಬಂದಾಗ ಮಲಗಲಿಕ್ಕೆ. ಕಲ್ಲು ಹೊತ್ತವರು ನಮ್ಮವರು. ಅವನು ಅಟ್ಟಣಿಗೆಯ ಮೇಲೆ ಬಂದೂಕು ಹಿಡಿದು ಕೂತರೆ, ಕೆಳಗೆ ಜಾಲಿಮುಳ್ಳಿನಲ್ಲಿ ಹಲಗೆ ಬಡಿದು ಚಿರತೆಯನ್ನು ಅವನೆದುರಿಗೆ ಓಡಿಸುವವರೂ ನಮ್ಮವರೇ. ಒಮ್ಮೆ ಗುಂಡು ಚಿರತೆಗೆ ತಪ್ಪಿ ಹಣಮಂತ್ರಾಯನ ಮುತ್ತಜ್ಜನಿಗೆ ಬಡಿಯಿತು. ಸತ್ತವನ ಹೆಂಡತಿಯ ಬಾಯಿ ಮುಚ್ಚಿಸಲು ಬಂಗಲೆಯ ಹಿಂದೆ ಗುಡಿಸಲಿನಷ್ಟು ಜಾಗ ಕೊಟ್ಟರು, ಬರೀ ಬಾಯಿಮಾತಿನಲ್ಲಿ. ಹಣಮಂತ್ರಾಯ ಹುಟ್ಟಿದ್ದು ಅಲ್ಲೇ, ಸಾಯಬಮ್ಮನನ್ನು ಮದುವೆಯಾಗಿ ಕರೆತಂದದ್ದೂ ಅಲ್ಲಿಗೇ. ಈಗ ಬಂಗಲೆ ಹೋಟೆಲಾಗಿದೆ. ಉದ್ಘಾಟನೆಗೆ ಬರುವ ದೊಡ್ಡಮಂದಿಗೆ ಹಳೆಯ ಶಿಕಾರಿಯ ಆಟ ತೋರಿಸಬೇಕಂತೆ. ಮುತ್ತಜ್ಜನ ಸಾವನ್ನು ಮರಿಮೊಮ್ಮಗನೇ ಆಡಬೇಕಂತೆ. ಆಡಿದರೆ ಗುಡಿಸಲು ಕೆಡವುವುದಿಲ್ಲವಂತೆ.

"ಬಿದ್ದರ ಮನಿ ಉಳೀತದಲ್ರಿ?" ಹಣಮಂತ್ರಾಯ ಎದ್ದು ಕೇಳಿದ.

"ಉಳೀತದಲೇ. ನಾ ಹೇಳಾಕತ್ತಿಲ್ಲೇನು?"

ಮಧ್ಯಾಹ್ನ ಶಾಮಿಯಾನದ ಕೆಳಗೆ ಅತಿಥಿಗಳು ಕೂತರು. ನಾವು ಹಲಗೆ ಬಡಿಯುತ್ತ, ಹೋ ಎನ್ನುತ್ತ ಪೊದೆಯಿಂದ ಹೊರಬಂದೆವು. ಪಟಾಕಿ ಸಿಡಿಯಿತು. ಹಣಮಂತ್ರಾಯ ಕಾರಿನ ದಾರಿಯ ಮೇಲೆ ದೊಪ್ಪನೆ ಬಿದ್ದ. ಚಪ್ಪಾಳೆಯೋ ಚಪ್ಪಾಳೆ. ಅದು ನಿಂತಾಗಲೇ ಬಂಗಲೆಯ ಹಿಂದಿನ ಜೆಸಿಬಿ ಸದ್ದು ಕೇಳಿಸಿದ್ದು. ಸಾಯಬಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಮನಿ ಕೆಡವ್ಯಾರೋ! ಒಲಿ ಮ್ಯಾಲಿನ ರೊಟ್ಟಿ ತಗೀಲಾಕೂ ಬಿಡಲಿಲ್ಲೋ!"

"ಸಾಹೇಬರ ಗಾಡಿ ನಿಲ್ಲಾಕ ಜಾಗ ಬೇಕಲ್ಲಬೇ," ಎಂದ ಬಾಲರಾಜ. "ಏ, ಆಟ ಮುಗೀತು. ಏಳಲೇ."

ಹಣಮಂತ್ರಾಯ ಏಳಲಿಲ್ಲ. ಬಾಲರಾಜ ಬೂಟುಗಾಲಿನಿಂದ ಪಕ್ಕೆಗೆ ಒದ್ದ. ಆದರೂ ಏಳಲಿಲ್ಲ. ಸಾಯಬಮ್ಮ ಗಂಡನ ಮುಖವನ್ನೇ ನೋಡುತ್ತ ನಿಂತಳು. ಎದೆ ಏರಿಳಿಯುವುದು ಅವಳಿಗೂ ಕಾಣುತ್ತಿತ್ತು. ಆಮೇಲೆ ಅವನ ತಲೆಯ ಹತ್ತಿರ ಕೂತು, ಬಳೆ ನೆಲಕ್ಕೆ ಕುಟ್ಟಿ ಒಡೆದು, ದನಿ ತೆಗೆದು ಅತ್ತಳು.

"ನನ್ನ ಬೈಲಿಗೆ ಹಾಕಿ ಹೋದ್ಯಲ್ಲೋ, ನನ್ನ ರಾಜಾ!"

ಹೆಣ ಎತ್ತುವ ತನಕ ನಮ್ಮಲ್ಲಿ ಒಲೆ ಉರಿಯುವಂತಿಲ್ಲ. ಅತಿಥಿಗಳ ಅಡಿಗೆಗೆ ಕೂಲಿ ಬಂದಿದ್ದ ನಮ್ಮ ರೇಣಮ್ಮ ಒಲೆಯ ಕಟ್ಟಿಗೆ ಎಳೆದು ನೀರು ಸುರಿದಳು. ಅರೆಬೆಂದ ಅನ್ನ ಹಾಗೇ ಉಳಿಯಿತು.

"ಜೀವಂತ ಅದಾನಲೇ, ಭಾಡ್ಯಾಗೋಳ!" ಬಾಲರಾಜ ಕಿರುಚಿದ.

"ನೀವ ಗುಂಡು ಹೊಡಸೀರಿ," ಎಂದಳು ಸಾಯಬಮ್ಮ. "ಈಗ ಮಣ್ಣು ಮಾಡಾಕ ಜಾಗ ತೋರಸ್ರಿ."

ಬಾಲರಾಜ ಪೊಲೀಸರಿಗೆ ಫೋನು ಹಚ್ಚಿದ. ನಮಗೂ ಹೆದರಿಕೆಯಿತ್ತು, ಸುಳ್ಳೇಕೆ ಹೇಳಲಿ. ಆದರೂ ಹಲಗೆಯ ಮೇಲೆ ಶಿಕಾರಿಯ ಬಡಿತ ಬಿಟ್ಟು ಹೆಣ ಒಯ್ಯುವಾಗಿನ ಬಡಿತ ಹಿಡಿದೆವು. ಅತಿಥಿಗಳು ಕಾರು ಹತ್ತಿ ಹಾರ್ನು ಹೊಡೆಯತೊಡಗಿದರು. ಹೊರಗೆ ಹೋಗುವ ದಾರಿಗೆ ಅಡ್ಡಲಾಗಿ ಹಣಮಂತ್ರಾಯ ಮಲಗಿದ್ದ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.