ಬೋರ್ಡಪ್ಪ ಕೊಡದ ಚಿತ್ರಗಳು

"ಇನ್ನೊಂಚೂರು ಎಳೀರಿ... ಮೆಲ್ಲಗೆ, ಮೆಲ್ಲಗೆ... ಸಾಕು ಮಾಮ!"

ಮಗಳೂ ಚಹಾ ಅಂಗಡಿಯವನೂ ಸೇರಿ ನಡುಮನೆಯ ಬೀರುವನ್ನು ಮೂಲೆಯತ್ತ ಎಳೆಯುತ್ತಿದ್ದರು. ಮಂಚ ಹಾಕಿದ ಮೇಲೆ ಬಂದವರು ಸುತ್ತ ನಿಲ್ಲಲು ಜಾಗವೇ ಉಳಿದಿರಲಿಲ್ಲ. ಬೀರು ಕಿರುಗುಟ್ಟುತ್ತ ಗೋಡೆ ಬಿಟ್ಟು ಬಂದದ್ದೇ ತಡ, ಹಿಂದೆ ಒರಗಿಸಿಟ್ಟಿದ್ದ ಏನೋ ಧೊಪ್ಪನೆ ನೆಲಕ್ಕೆ ಬಿತ್ತು. ಮಗಳು ಬಗ್ಗಿ ಎತ್ತಿಕೊಂಡಳು. ದಪ್ಪ ಕಾಗದದ ಸುರುಳಿ. ಯಾವುದೋ ಹಳೆಯ ಹೊದಿಕೆಯ ಅಂಚು ಹರಿದು ಅದಕ್ಕೆ ಬಿಗಿಯಾಗಿ ಸುತ್ತಿತ್ತು.

"ಅಮ್ಮಾ, ಇದೇನು?"

ತಾಯಿ ಮಂಚದ ತಲೆಯ ಕಡೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬೆಳಗಿನಿಂದ ಅತ್ತು ಈಗಷ್ಟೇ ನಿಲ್ಲಿಸಿದ್ದಳು.

"ನಿಮ್ಮಪ್ಪನ ಪೇಪರು. ಮುಟ್ಟಬೇಡ ಅಂದಿದ್ರು. ಧೂಳು ಹೊಡೆಯೋಕೂ ಬಿಡ್ತಿರ್ಲಿಲ್ಲ."

"ಬಿಚ್ಚಲಾ?"

ತಾಯಿ ಮಂಚದ ಮೇಲೆ ಮಲಗಿಸಿದ್ದ ಗಂಡನ ಮುಖ ನೋಡಿದಳು. "ಬಿಚ್ಚು. ಇನ್ನು ಬೈಯೋರು ಯಾರಿದ್ದಾರೆ."

ಬಟ್ಟೆ ಸಡಿಲಿಸಿದ್ದೇ ಹಾಳೆಗಳು ಉಸಿರು ಬಿಟ್ಟ ಹಾಗೆ ಅಗಲಿಸಿಕೊಂಡವು. ಹೊರಗಿನ ಹಾಳೆಯ ಮೂಲೆಯಲ್ಲಿ ನೇರಳೆ ಮುದ್ರೆ ಕಂಡಿತು. ಚಹಾ ಅಂಗಡಿಯವನು ಕಣ್ಣು ಕಿರಿದು ಮಾಡಿ ನೋಡಿ, ಹಣೆ ಚಚ್ಚಿಕೊಂಡ.

"ಅಯ್ಯೋ, ಇದು ಸ್ಪರ್ಧೆ ಹಾಳೆ! ಹರಿದು ಚರಂಡಿಗೆ ಹಾಕ್ತಾನೆ ಅಂದ್ಕೊಂಡಿದ್ದೆ ನಾನು."

ಸತ್ತವನನ್ನು ಊರು ಬೋರ್ಡಪ್ಪ ಎಂದೇ ಕರೆಯುತ್ತಿತ್ತು. ಹೆತ್ತವರು ಇಟ್ಟ ಹೆಸರು ಏನಿತ್ತೋ, ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ನಲವತ್ತು ವರ್ಷ ಏಣಿ ಹತ್ತಿ, ಊರಿನ ಅಂಗಡಿಗಳ ಹಣೆಯ ಮೇಲೆ ಅವುಗಳ ಹೆಸರು ಬರೆದವನು ಅವನೇ. ಯಂತ್ರದಲ್ಲಿ ಮುದ್ರಿಸಿದ ಬೋರ್ಡುಗಳು ಬಂದ ಮೇಲೆ ಕೆಲಸ ಕಡಿಮೆಯಾಯಿತು. ಅಂಥ ಬೋರ್ಡು ಮುದ್ರಿಸುವ ಕಡೆಯೇ ಮಗಳು ಕೆಲಸಕ್ಕೆ ಸೇರಿದಾಗ, "ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನಾನೇ ಹೆತ್ತು ಸಾಕಿದೆ" ಎಂದು ಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದ.

ವರ್ಷಕ್ಕೊಮ್ಮೆ ಪೇಟೆ ಬೀದಿಯಲ್ಲಿ ಬಯಲು ಚಿತ್ರಸ್ಪರ್ಧೆ ನಡೆಯುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಮುದ್ರೆ ಹಾಕಿದ ಹಾಳೆ ಕೊಡುತ್ತಿದ್ದರು. ಎಲ್ಲಾದರೂ ಕೂತು, ಕಣ್ಣೆದುರು ಇರುವುದನ್ನು ಬರೆದು, ಮೂರು ಗಂಟೆಗೆ ಒಪ್ಪಿಸಬೇಕು. ಬೋರ್ಡಪ್ಪ ಮೊದಲ ವರ್ಷ ಒಪ್ಪಿಸಿದ. ಆಮೇಲಿನ ಹನ್ನೆರಡು ವರ್ಷವೂ ತಪ್ಪದೆ ಬಂದು ಹಾಳೆ ಪಡೆದ, ಪ್ರತಿ ಸಲವೂ ಬೀದಿಯ ಒಂದೇ ಮೂಲೆಯಲ್ಲಿ ಕೂತು ಬರೆದ, ಮೂರು ಗಂಟೆಗೆ ಸುರುಳಿ ಸುತ್ತಿಕೊಂಡು ಮನೆಗೆ ಹೋದ.

"ಪುಕ್ಕಟೆ ಹಾಳೆಗೆ ಬರ್ತಾರೆ ಅಂತ ನಮ್ಮನೆಯವರು ಹೇಳ್ತಿದ್ರು," ಎಂದಳು ಪಕ್ಕದ ಮನೆಯ ದರ್ಜಿ ಹೆಂಗಸು. ಹೇಳಿದ ಮೇಲೆ ಮಂಚದ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು.

ಅಷ್ಟರಲ್ಲಿ ಅಂಗಳದಲ್ಲಿ ಮಾತು ನಿಂತಿತು. ಡ್ರಾಯಿಂಗ್ ಮೇಷ್ಟ್ರು ಬಂದಿದ್ದರು. ಸ್ಪರ್ಧೆ ಶುರುವಾದ ದಿನದಿಂದ ತೀರ್ಪುಗಾರರು ಅವರೇ. ಒಳಗೆ ಬರದೆ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತುಬಿಟ್ಟರು. ಮಗಳ ಕೈಯ ಸುರುಳಿ ಕಂಡದ್ದೇ ಅವರ ಮುಖ ಸಣ್ಣದಾಯಿತು.

"ಬನ್ನಿ ಮೇಷ್ಟ್ರೇ," ಎಂದಳು ಮಗಳು. ದನಿಯಲ್ಲಿ ಆದರ ಇರಲಿಲ್ಲ. "ನಿಮ್ಮ ಒಂದು ಮಾತಿನ ಫಲ ನೋಡಿ. ಹನ್ನೆರಡು ವರ್ಷದ್ದು."

*

ಆ ಮೊದಲ ವರ್ಷ ಬೋರ್ಡಪ್ಪ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದ. ಪೇಟೆ ಬೀದಿಯನ್ನು ಬರೆದ. ಔಷಧಿ ಅಂಗಡಿ, ಗಡಿಯಾರ ರಿಪೇರಿ, ಪಾತ್ರೆ ಅಂಗಡಿ, ಎಲ್ಲದರ ಬೋರ್ಡೂ ಹಾಳೆಯ ಮೇಲಿತ್ತು. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ.

ಮೂರು ಗಂಟೆಗೆ ಮೇಷ್ಟ್ರು ಹಾಳೆಯನ್ನು ಎತ್ತಿ ಹಿಡಿದರು. ಸುತ್ತ ಜನ ಕೂಡಿದ್ದರು.

"ಅಕ್ಷರ ಮುತ್ತಿನಂಗಿದೆ. ಆದ್ರೆ ಬೋರ್ಡಪ್ಪನವರೇ, ಅಂಗಡಿ ಎಲ್ಲಾ ತೆರೆದಿದೆ, ಗಿರಾಕಿ ಒಬ್ಬನೂ ಇಲ್ವಲ್ಲ! ಊರಿಗೆ ಊರೇ ಗುಳೆ ಹೋಯ್ತಾ?"

ಜನ ಗೊಳ್ಳೆಂದರು. ಮೇಷ್ಟ್ರು ತಮಾಷೆಗೆ ಅಂದದ್ದು. ಊಟದ ಡಬ್ಬಿ ಹಿಡಿದು ನಿಂತಿದ್ದ ಹತ್ತೊಂಬತ್ತರ ಮಗಳಿಗೂ ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಅಪ್ಪ ತಿರುಗಿ ಅವಳನ್ನೇ ಒಂದು ಕ್ಷಣ ನೋಡಿದ. ಆಮೇಲೆ ಹಾಳೆ ನೋಡಿದ.

"ಹೌದಲ್ಲ," ಎಂದ. "ಮನುಷ್ಯರನ್ನ ಮರೆತೇಬಿಟ್ಟೆ."

ದಾರಿಯುದ್ದಕ್ಕೂ ಬೇರೇನೋ ಮಾತಾಡಿದ. ಮಗಳು ಮುಂದೆಂದೂ ಸ್ಪರ್ಧೆಯ ದಿನ ಪೇಟೆ ಬೀದಿಗೆ ಕಾಲಿಡಲಿಲ್ಲ. ತಾನು ನಕ್ಕದ್ದನ್ನು ಯಾರಿಗೂ ಹೇಳಲೂ ಇಲ್ಲ.

*

ಹಾಳೆಗಳು ನೆಲದ ಮೇಲೆ ನಿಲ್ಲದೆ ಮತ್ತೆ ಮತ್ತೆ ಸುರುಳಿಯಾಗುತ್ತಿದ್ದವು. ಚಹಾ ಅಂಗಡಿಯವನು ಅಂಗಳದ ತಂತಿಯಲ್ಲಿದ್ದ ಬಟ್ಟೆ ತೆಗೆದು, ಅದೇ ಕ್ಲಿಪ್ಪುಗಳಿಂದ ಒಂದೊಂದಾಗಿ ಸಿಕ್ಕಿಸಿದ. ಸಾವಿಗೆ ಬಂದವರು ಒಬ್ಬೊಬ್ಬರಾಗಿ ತಂತಿಯ ಹತ್ತಿರ ಸರಿದರು.

ಮೊದಲ ಹಾಳೆಯಲ್ಲಿ ನಾಲ್ಕೇ ಜನ. ಒಬ್ಬನ ಟೋಪಿ ಅಕ್ಷರದ ತಲೆಕಟ್ಟಿನಂತೆ, ಇನ್ನೊಬ್ಬನ ಕಾಲು ಕೊಂಬಿನಂತೆ. ದರ್ಜಿ ಹೆಂಗಸು ಹಾಳೆ ತಿರುಗಿಸಿದಳು. ಹಿಂದೆ, ಗೆರೆ ಎಳೆದಷ್ಟು ನೇರವಾದ ಬೋರ್ಡಪ್ಪನ ಕೈಬರಹ. ಗಟ್ಟಿಯಾಗಿ ಓದಿದಳು.

"'ಜನ ಬಂದರು. ಆದರೆ ಅಕ್ಷರದ ಹಾಗೆ ನಿಂತಿದ್ದಾರೆ. ಕೊಡುವಂತಿಲ್ಲ.'"

"ಅಂದ್ರೆ ಕೋಪ ಮಾಡ್ಕೊಂಡು ಕೊಡದೆ ಇದ್ದಿದ್ದಲ್ವಾ?" ಎಂದರು ಯಾರೋ.

ಈಗ ಎಲ್ಲರಿಗೂ ಹಿಂಬದಿ ಬೇಕಾಯಿತು. ಮೂರನೆಯದು: "ಚಹಾ ಅಂಗಡಿಯವನ ಹೊಟ್ಟೆ ಸರಿ. ಕೈ ತಪ್ಪು." ಚಹಾ ಅಂಗಡಿಯವನು ಹೊಟ್ಟೆ ನೋಡಿಕೊಂಡು, ನಗಲು ಹೋಗಿ ಅತ್ತುಬಿಟ್ಟ. ಏಳನೆಯದು: "ಮೇಷ್ಟ್ರಿಗೆ ವಯಸ್ಸಾಯಿತು. ಕೂದಲಿಗೆ ಬಿಳಿ ಹಚ್ಚಿದೆ."

ಆಗಲೇ ಗಮನಕ್ಕೆ ಬಂದದ್ದು. ಹನ್ನೆರಡೂ ಹಾಳೆಗಳಲ್ಲಿ ಮೇಷ್ಟ್ರು ಇದ್ದರು. ಕಂಕುಳಲ್ಲಿ ಹಲಗೆ ಇಟ್ಟುಕೊಂಡು, ಯಾರದೋ ಚಿತ್ರದ ಮೇಲೆ ಬಗ್ಗಿ, ಎಲ್ಲೋ ದೂರದಲ್ಲಿ. ಎಲ್ಲದರಲ್ಲೂ ಬೆನ್ನೇ.

"ನಾನು ಆ ಮೂಲೆ ಬಿಟ್ಟೇ ಸುತ್ತುತ್ತಿದ್ದೆ," ಎಂದರು ಮೇಷ್ಟ್ರು. ಯಾರೂ ಕೇಳಿರಲಿಲ್ಲ. "ಅಷ್ಟು ಜನದ ಮುಂದೆ ಹಂಗೆ ಅನ್ಬಾರ್ದಿತ್ತು. ಎದುರಿಗೆ ಹೋಗಿ ನಿಲ್ಲೋಕೆ ನಾಚಿಕೆ ಆಗ್ತಿತ್ತು."

ಮಗಳು ಅಷ್ಟರಲ್ಲಿ ಒಂಬತ್ತನೆಯ ಹಾಳೆಯ ಮುಂದೆ ನಿಂತಿದ್ದಳು. ಗಡಿಯಾರದ ಅಂಗಡಿಯ ಮೆಟ್ಟಿಲ ಮೇಲೆ, ಗುಂಪಿನ ನಡುವೆ ಒಬ್ಬ ಹುಡುಗಿ. ಕೈಯಲ್ಲಿ ಡಬ್ಬಿ. ಬಾಯಿಗೆ ಇನ್ನೊಂದು ಕೈ ಅಡ್ಡ ಬಂದಿದ್ದರೂ ನಗು ಕಣ್ಣಿನಿಂದ ತುಳುಕುತ್ತಿತ್ತು. ಬಹಳ ಮುದ್ದಾಗಿ ಬಂದಿದ್ದಳು. ಮಗಳು ಹಾಳೆಯನ್ನು ಮೆಲ್ಲಗೆ ತಿರುಗಿಸಿದಳು.

"ಮಗಳು ಇವತ್ತೂ ಬರಲಿಲ್ಲ. ನೆನಪಿನಿಂದ ಬರೆದೆ, ನಿಯಮ ಮುರಿದ ಹಾಗಾಯಿತು. ನಗು ಮಾತ್ರ ಸರಿಯಾಗಿ ಬಂತು."

ಓದಿದ್ದನ್ನು ಅವಳು ಗಟ್ಟಿಯಾಗಿ ಹೇಳಲಿಲ್ಲ. ಹಾಳೆಯನ್ನು ಮತ್ತೆ ಮುಂದಕ್ಕೆ ತಿರುಗಿಸಿ, ಕ್ಲಿಪ್ಪು ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಒತ್ತಿ ನೋಡಿದಳು.

ಬೀದಿಯಲ್ಲಿ ಶವದ ಗಾಡಿ ಬಂದು ನಿಂತು ಹಾರ್ನ್ ಮಾಡಿತು. ಹನ್ನೊಂದು ಗಂಟೆ, ಹೊರಡುವ ಹೊತ್ತಾಗಿತ್ತು.

ಕೊನೆಯ ಹಾಳೆ ಹೋದ ವರ್ಷದ್ದು. ಅದರಲ್ಲಿ ಬೋರ್ಡುಗಳೆಲ್ಲ ಬರೀ ಬಣ್ಣದ ಪಟ್ಟಿಗಳಾಗಿದ್ದವು, ಓದಲು ಒಂದಕ್ಷರವೂ ಇಲ್ಲ. ಬೀದಿಯ ತುಂಬ ಜನ, ಒಬ್ಬರಿಗೊಬ್ಬರು ದಾರಿ ಬಿಡುತ್ತ, ಚೌಕಾಸಿ ಮಾಡುತ್ತ, ಚೀಲ ಹೆಗಲು ಬದಲಿಸುತ್ತ. ಮೇಷ್ಟ್ರು ಬಹಳ ಹೊತ್ತು ಅದನ್ನು ನೋಡಿದರು.

"ಇದಕ್ಕೆ ಮೊದಲ ಬಹುಮಾನ ಬರ್ತಿತ್ತು," ಎಂದರು. "ಇದನ್ಯಾಕೆ ಕೊಡ್ಲಿಲ್ಲ?"

ಮಗಳು ಹಾಳೆ ಬಿಚ್ಚಿ, ಹಿಂಬದಿ ಮೇಲಾಗಿ ಅವರ ಕೈಗೇ ಕೊಟ್ಟಳು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಓದಿದರು.

"ಚೆನ್ನಾಗಿ ಬಂದಿದೆ. ಮೇಷ್ಟ್ರ ಮುಖ ಮಾತ್ರ ಸಿಕ್ಕಿಲ್ಲ. ಅದೊಂದು ಸಿಕ್ಕರೆ ಕೊಡುತ್ತೇನೆ."

ಹಾರ್ನ್ ಮತ್ತೆ ಕೂಗಿತು. ಆತುರಪಡಿಸಲೆಂದು ಚಾಲಕ ಗೇಟಿನ ತನಕ ಬಂದ. ತಂತಿಯುದ್ದಕ್ಕೂ ತೂಗುತ್ತಿದ್ದ ಚಿತ್ರಗಳನ್ನೂ, ಅವುಗಳ ನಡುವೆ ದಾರಿ ಬಿಟ್ಟು ನಿಂತ ಜನರನ್ನೂ ನೋಡಿ ಅಲ್ಲೇ ನಿಂತ. ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಮಂಚದ ಪಕ್ಕ ಮಂಡಿಯೂರಿ, ಕನ್ನಡಕ ತೆಗೆದು, ತಮ್ಮ ಮುಖವನ್ನು ಸತ್ತವನ ಮುಖದ ನೇರಕ್ಕೆ ತಂದು ಅಲುಗಾಡದೆ ಕೂತರು.

ಚಾಲಕ ಹಿಂದಿರುಗಿ ಹೋಗಿ ಗಾಡಿಯ ಇಂಜಿನ್ ಆರಿಸಿದ.